35 ವ್ಯಾಟ್‌ಗಳ ಮಿತಿಯಲ್ಲಿ: ಸದ್ದಿಲ್ಲದ ಪುಟ್ಟ ಕಂಪ್ಯೂಟರಿಗೆ ಪ್ರೊಸೆಸರ್ ಆರಿಸಿದ ಬಗೆ

ಓದುವ ಕೋಣೆಯ ಮೇಜಿನ ಮೇಲೆ ಹಗಲೂ ರಾತ್ರಿಯೂ ಚಾಲೂ ಇರಬೇಕು, ಆದರೆ ಅಲ್ಲೊಂದು ಯಂತ್ರ ಓಡುತ್ತಿದೆ ಎಂಬುದು ಕಿವಿಗೆ ತಿಳಿಯಬಾರದು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಚಿಕ್ಕ ಕಂಪ್ಯೂಟರ್ ಕಟ್ಟಲು ಹೊರಟೆ. ಕೇಸ್, ಕೂಲರ್, ಪವರ್ ಸಪ್ಲೈ ಎಲ್ಲವೂ ಪ್ರೊಸೆಸರಿನ ಆಯ್ಕೆಯನ್ನೇ ಹಿಂಬಾಲಿಸುವುದರಿಂದ, ಬೇರೆ ಯಾವ ಭಾಗವನ್ನೂ ಕೊಳ್ಳುವ ಮೊದಲು ಪೂರ್ತಿ ಮೂರು ವಾರಗಳನ್ನು ಆ ಒಂದೇ ಪ್ರಶ್ನೆಗೆ ಮೀಸಲಿಟ್ಟೆ. ಆ ಮೂರು ವಾರಗಳಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿಗಳನ್ನೂ ಆಮೇಲೆ ಜೋಡಿಸುವಾಗ ಎದುರಾದ ತೊಡಕುಗಳನ್ನೂ ಇಲ್ಲಿ ಕ್ರಮವಾಗಿ ದಾಖಲಿಸುತ್ತಿದ್ದೇನೆ.

ಮೊದಲು ಮಾಡಿದ ಕೆಲಸವೆಂದರೆ ಆಗ ಬಳಸುತ್ತಿದ್ದ ಹಳೆಯ ಟವರ್ ಕಂಪ್ಯೂಟರ್ ನಿಜವಾಗಿ ಏನು ಮಾಡುತ್ತಿದೆ ಎಂಬುದನ್ನು ಅಳೆದದ್ದು. ಗೋಡೆಯ ಪ್ಲಗ್ಗಿಗೂ ಯಂತ್ರಕ್ಕೂ ನಡುವೆ ಒಂದು ವ್ಯಾಟ್ ಮೀಟರ್ ಇಟ್ಟು, ಪ್ರೊಸೆಸರಿನ ಬಳಕೆಯನ್ನು ನಿಮಿಷಕ್ಕೊಮ್ಮೆ ಕಡತಕ್ಕೆ ಬರೆಯುವ ಒಂದು ಸಣ್ಣ ಸ್ಕ್ರಿಪ್ಟನ್ನು ಏಳು ದಿನ ಓಡಿಸಿದೆ. ದಿನದ 24 ಗಂಟೆಗಳಲ್ಲಿ ಸುಮಾರು 22 ಗಂಟೆ ಪ್ರೊಸೆಸರಿನ ಬಳಕೆ ಶೇಕಡಾ 5ನ್ನು ಮುಟ್ಟಿರಲಿಲ್ಲ. ಕಡತಗಳನ್ನು ಹಂಚುವುದು, ರಾತ್ರಿ ಬ್ಯಾಕಪ್ ತೆಗೆಯುವುದು, ಬರವಣಿಗೆ, ವಿಡಿಯೊ ನೋಡುವುದು, ಇವೆಲ್ಲ ಸೇರಿಯೂ ಅಷ್ಟೇ. ಉಳಿದ ಅವಧಿಯಲ್ಲಿ ಮಾತ್ರ ದಿನಕ್ಕೆ ಎರಡು ಮೂರು ಸಲ ಪ್ರೋಗ್ರಾಮುಗಳನ್ನು ಕಂಪೈಲ್ ಮಾಡುವಾಗ, ಅಂದರೆ ಬರೆದ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತಿರುಗಿಸುವಾಗ, ಪ್ರೊಸೆಸರಿನೊಳಗಿನ ಲೆಕ್ಕ ಮಾಡುವ ಘಟಕಗಳಾದ ಎಲ್ಲ ಕೋರ್‌ಗಳೂ ಏಕಕಾಲಕ್ಕೆ ಹತ್ತು ಹದಿನೈದು ನಿಮಿಷ ದುಡಿಯುತ್ತಿದ್ದವು. ಏನೂ ಮಾಡದೆ ಸುಮ್ಮನಿದ್ದಾಗಲೂ ಆ ಯಂತ್ರ ಗೋಡೆಯಿಂದ 58 ವ್ಯಾಟ್ ಎಳೆಯುತ್ತಿತ್ತು. ವರ್ಷಪೂರ್ತಿ ಓಡುವ ಯಂತ್ರದಲ್ಲಿ ಒಂದೊಂದು ವ್ಯಾಟ್ ಎಂದರೆ 8.76 ಯೂನಿಟ್ ವಿದ್ಯುತ್ತಾಗುತ್ತದೆ. ಆ ಲೆಕ್ಕದಲ್ಲಿ 58 ವ್ಯಾಟ್ ಎಂದರೆ ವರ್ಷಕ್ಕೆ ಸುಮಾರು 508 ಯೂನಿಟ್, ಅದೂ ಬಹುಪಾಲು ಯಾವ ಕೆಲಸವೂ ನಡೆಯದ ಹೊತ್ತಿನಲ್ಲಿ.

ಈ ಅಳತೆಯಿಂದ ಎರಡು ಬೇರೆ ಬೇರೆ ಪ್ರಶ್ನೆಗಳು ಹುಟ್ಟಿದವು, ಅವನ್ನು ಒಂದಕ್ಕೊಂದು ಬೆರೆಸದಂತೆ ಕೊನೆಯವರೆಗೂ ಎಚ್ಚರ ವಹಿಸಿದೆ. ವಿದ್ಯುತ್ ಬಳಕೆಯನ್ನು ನಿರ್ಧರಿಸುವುದು ಆ 22 ಗಂಟೆಗಳು, ಅಂದರೆ ಇಡೀ ಯಂತ್ರ ಸುಮ್ಮನಿದ್ದಾಗ ಎಷ್ಟು ಎಳೆಯುತ್ತದೆ ಎಂಬುದು. ಸದ್ದನ್ನು ನಿರ್ಧರಿಸುವುದು ಉಳಿದ ಅವಧಿ, ಅಂದರೆ ಎಡೆಬಿಡದ ಕೆಲಸದಲ್ಲಿ ಹುಟ್ಟುವ ಶಾಖವನ್ನು ಕೂಲರ್ ಯಾವ ಫ್ಯಾನ್ ವೇಗದಲ್ಲಿ ಹೊರಹಾಕಬಲ್ಲದು ಎಂಬುದು. ಪ್ರೊಸೆಸರ್ ಡಬ್ಬಿಯ ಮೇಲೆ ಅಚ್ಚಾಗಿರುವ ಟಿಡಿಪಿ ಎಂಬ ಒಂದೇ ಸಂಖ್ಯೆಯಿಂದ ಇವೆರಡಕ್ಕೂ ಉತ್ತರ ಸಿಗುತ್ತದೆಂದು ಬಹಳ ಜನ ನಂಬುತ್ತಾರೆ. ನಾನೂ ಮೊದಲು ಹಾಗೆಯೇ ನಂಬಿದ್ದೆ.

ಟಿಡಿಪಿ ಎನ್ನುವುದು ಮೂಲತಃ ಕೂಲರ್ ತಯಾರಕರಿಗೆ ಕೊಡುವ ಒಂದು ವಿನ್ಯಾಸದ ಅಂಕಿ. ಅದು ಸುಮ್ಮನಿರುವಾಗಿನ ಬಳಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಗರಿಷ್ಠ ಬಳಕೆಯನ್ನೂ ಹೇಳುವುದಿಲ್ಲ. ಇಂಟೆಲ್ ತನ್ನ 12ನೇ ತಲೆಮಾರಿನಿಂದ ಈ ಹೆಸರನ್ನೇ ಕೈಬಿಟ್ಟು, ಮೂಲ ಬಳಕೆ ಮತ್ತು ಗರಿಷ್ಠ ಟರ್ಬೊ ಬಳಕೆ ಎಂದು ಎರಡು ಸಂಖ್ಯೆಗಳನ್ನು ಪ್ರಕಟಿಸುತ್ತದೆ. ಉದಾಹರಣೆಗೆ ಕೋರ್ ಐ3-12100ಕ್ಕೆ ಅವು 60 ಮತ್ತು 89 ವ್ಯಾಟ್. ಅದರದೇ 'ಟಿ' ರೂಪವಾದ 12100ಟಿಗೆ 35 ಮತ್ತು 69 ವ್ಯಾಟ್. ಬಯೋಸ್‌ನಲ್ಲಿ, ಅಂದರೆ ಯಂತ್ರ ಏಳುವಾಗ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶದಲ್ಲಿ, ಇವು ಪಿಎಲ್1, ಪಿಎಲ್2 ಎಂಬ ಹೆಸರಿನಲ್ಲಿ ಕಾಣಿಸುತ್ತವೆ. ಕೆಲಸ ಆರಂಭವಾದೊಡನೆ ಪ್ರೊಸೆಸರ್ ಪಿಎಲ್2ರ ತನಕ ಎಳೆಯಬಹುದು, ಟೌ ಎಂಬ ಅವಧಿ ಕಳೆಯುತ್ತ ಬಂದಂತೆ ಪಿಎಲ್1ಕ್ಕೆ ಇಳಿಯಬೇಕು. ಆ ಅವಧಿ ಸಾಮಾನ್ಯವಾಗಿ 28 ಸೆಕೆಂಡು. ಆದರೆ ಮದರ್‌ಬೋರ್ಡ್ ತಯಾರಕರು ಈ ಮಿತಿಗಳನ್ನು ತಮಗೆ ಬೇಕಾದಂತೆ ಸಡಿಲಿಸಿ ಕಳಿಸುವುದೂ ಉಂಟು. ಎಎಂಡಿಯ ಲೆಕ್ಕ ಬೇರೆ: ಎಎಂ4 ಸಾಕೆಟ್ಟಿನ (ಸಾಕೆಟ್ ಎಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) 65 ವ್ಯಾಟ್ ಎಂದು ಬರೆದ ರೈಜನ್ ಪ್ರೊಸೆಸರ್ ಸಾಕೆಟ್ಟಿನ ಮೂಲಕ 88 ವ್ಯಾಟ್‌ವರೆಗೆ ಎಳೆಯಬಹುದು, 105 ಎಂದು ಬರೆದದ್ದು 142 ವ್ಯಾಟ್‌ವರೆಗೆ. ಹೀಗಾಗಿ ಎರಡು ಡಬ್ಬಿಗಳ ಮೇಲಿನ ವ್ಯಾಟ್ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದರಿಂದ ಪ್ರಯೋಜನವಿಲ್ಲ.

ನನ್ನ ಪಟ್ಟಿಯಲ್ಲಿ ಕೊನೆಗೆ ಉಳಿದವು ನಾಲ್ಕು: ಇಂಟೆಲ್ ಎನ್100, ಕೋರ್ ಐ3-12100, ರೈಜನ್ 5 5600ಜಿ ಮತ್ತು ರೈಜನ್ 5 8600ಜಿ. ನಾಲ್ಕರಲ್ಲೂ ಗ್ರಾಫಿಕ್ಸ್ ಒಳಗೇ ಇದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸುಮ್ಮನಿರುವ ಬಳಕೆಯೂ ಏರುತ್ತದೆ, ಇನ್ನೊಂದು ಫ್ಯಾನೂ ಬರುತ್ತದೆ. ಆದ್ದರಿಂದ ಇದು ಮೊದಲ ಜರಡಿಯಾಗಿತ್ತು. ಇಂಟೆಲ್ ಹೆಸರುಗಳ ಕೊನೆಯಲ್ಲಿ 'ಎಫ್' ಅಕ್ಷರವಿದ್ದರೆ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ ಎಂಬುದನ್ನು ಕೊಳ್ಳುವಾಗ ಮರೆಯಬಾರದು.

ಎಎಂಡಿಯ ರೈಜನ್ 5000 ಸಾಲಿನಲ್ಲಿ 5600ಎಕ್ಸ್ ಇದ್ದೂ ನಾನು 5600ಜಿಯನ್ನೇ ಪರಿಗಣಿಸಿದ್ದಕ್ಕೆ ಗ್ರಾಫಿಕ್ಸ್ ಮಾತ್ರ ಕಾರಣವಲ್ಲ. 5600ಎಕ್ಸ್‌ನಲ್ಲಿ ಕೋರ್‌ಗಳಿರುವ ಚಿಪ್ ಒಂದು, ಮೆಮೊರಿಯನ್ನೂ, ಕಾರ್ಡು ಡ್ರೈವುಗಳನ್ನು ಜೋಡಿಸುವ ಪಿಸಿಐಇ ಸಂಪರ್ಕವನ್ನೂ ನೋಡಿಕೊಳ್ಳುವ ಚಿಪ್ ಇನ್ನೊಂದು. ಅವೆರಡರ ನಡುವಿನ ಸಂಪರ್ಕವನ್ನು ಸದಾ ಎಚ್ಚರವಾಗಿಟ್ಟುಕೊಳ್ಳಬೇಕಾದ್ದರಿಂದ ಕೆಲಸವಿಲ್ಲದಾಗಲೂ ವಿದ್ಯುತ್ ಖರ್ಚಾಗುತ್ತದೆ. 5600ಜಿಯಲ್ಲಿ ಎಲ್ಲವೂ ಒಂದೇ ಸಿಲಿಕಾನ್ ತುಣುಕಿನಲ್ಲಿದೆ, ಮೂಲತಃ ಲ್ಯಾಪ್‌ಟಾಪಿಗೆಂದು ರೂಪಿಸಿದ ವಿನ್ಯಾಸ ಅದು. ಪ್ರೊಸೆಸರಿನೊಳಗಿನ ವೇಗದ ಮೆಮೊರಿಯಾದ ಎಲ್3 ಕ್ಯಾಶ್ 32ರ ಬದಲು 16 ಮೆಗಾಬೈಟ್, ಪಿಸಿಐಇ 4.0 ಬದಲು 3.0 ಎಂಬ ಕೊರತೆಗಳು ನನ್ನ ಬಳಕೆಗೆ ಲೆಕ್ಕಕ್ಕಿಲ್ಲ. ಆದರೆ ಅದರ ವೇಗಾ ಗ್ರಾಫಿಕ್ಸಿಗೆ ಎವಿ1 ಎಂಬ ಸಂಕೋಚನ ವಿಧಾನದ ವಿಡಿಯೊವನ್ನು ಹಾರ್ಡ್‌ವೇರಿನಲ್ಲಿ ಬಿಡಿಸುವ ಸಾಮರ್ಥ್ಯವಿಲ್ಲ. ಎವಿ1 ವಿಡಿಯೊ ಬಂದಾಗಲೆಲ್ಲ ಕೋರ್‌ಗಳೇ ದುಡಿಯಬೇಕು, ಫ್ಯಾನ್ ಏರಬೇಕು. ಸದ್ದಿಲ್ಲದಿರಲಿ ಎಂದು ಕಟ್ಟುವ ಯಂತ್ರಕ್ಕೆ ಇದು ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ಉಳಿದ ಮೂರಕ್ಕೂ ಆ ಸಾಮರ್ಥ್ಯವಿದೆ. 8600ಜಿ ಆರು ಕೋರ್‌ಗಳ, ವಿಡಿಯೊವನ್ನು ಎವಿ1 ರೂಪಕ್ಕೆ ಹೆಣೆಯಲೂ ಬಲ್ಲ ಉತ್ತಮ ಪ್ರೊಸೆಸರ್. ನನಗೆ ಆಟಗಳ ಅಗತ್ಯವಿದ್ದಿದ್ದರೆ ಅದನ್ನೇ ಆರಿಸುತ್ತಿದ್ದೆ. ಅಗತ್ಯವಿಲ್ಲದ ಗ್ರಾಫಿಕ್ಸ್ ಶಕ್ತಿಗಾಗಿ, ಡಿಡಿಆರ್5 ಮೆಮೊರಿಯನ್ನೇ ಕೇಳುವ ಎಎಂ5 ಸಾಕೆಟ್ಟಿಗೆ ಹೋಗಲು ಮನಸ್ಸಾಗಲಿಲ್ಲ. ನನ್ನ ಬಳಿ ಡಿಡಿಆರ್4 ಮೆಮೊರಿಯ ಎರಡು ಪಟ್ಟಿಗಳು ಮೊದಲೇ ಇದ್ದವು.

ಹಾಗಾಗಿ ನಿಜವಾದ ಸ್ಪರ್ಧೆ ಎನ್100 ಮತ್ತು 12100ರ ನಡುವೆ ಉಳಿಯಿತು. 2023ರ ಆರಂಭದಲ್ಲಿ ಬಂದ ಎನ್100 ನಾಲ್ಕು ಚಿಕ್ಕ ಕೋರ್‌ಗಳ, 3.4 ಗಿಗಾಹರ್ಟ್ಸ್‌ವರೆಗೆ ಏರುವ, 6 ವ್ಯಾಟ್ ಎಂದು ಗುರುತಿಸಿಕೊಂಡ ಪ್ರೊಸೆಸರ್. ಅದನ್ನು ಮದರ್‌ಬೋರ್ಡಿಗೇ ಬೆಸೆದು ಮಾರುತ್ತಾರೆ. ಮೆಮೊರಿಗೆ ಒಂದೇ ಚಾನೆಲ್, ಪಿಸಿಐಇ 3.0ರ ಒಂಬತ್ತು ಲೇನ್‌ಗಳು. ಸ್ನೇಹಿತರೊಬ್ಬರ ಬಳಿ ಇದ್ದ ಎನ್100 ಪುಟ್ಟ ಯಂತ್ರವನ್ನು ನಾಲ್ಕು ದಿನ ಎರವಲು ತಂದು, ನಾನು ದಿನನಿತ್ಯ ಮಾಡುವ ಕಂಪೈಲ್ ಕೆಲಸವನ್ನೇ ಅದಕ್ಕೂ ಕೊಟ್ಟು ನೋಡಿದೆ. ಸುಮ್ಮನಿದ್ದಾಗ ಗೋಡೆಯಿಂದ 7 ವ್ಯಾಟ್, ಪೂರ್ಣ ಕೆಲಸದಲ್ಲಿ 22 ವ್ಯಾಟ್, ಕೆಲಸ ಮುಗಿಯಲು 28 ನಿಮಿಷ. ಪ್ರೊಸೆಸರಿನ ವಿವರದಲ್ಲಿರುವ 6 ವ್ಯಾಟ್ ಎಲ್ಲಿ ಹೋಯಿತು ಎಂದು ಕೇಳಬಹುದು. ಆ ಬೋರ್ಡಿನ ಬಯೋಸ್‌ನಲ್ಲಿ ಪಿಎಲ್1 ಮಿತಿಯನ್ನೇ 15 ವ್ಯಾಟ್‌ಗೆ ಏರಿಸಿ ಕಳಿಸಿದ್ದರು. ಕಡತ ಹಂಚುವುದು ಮತ್ತು ವಿಡಿಯೊ ನೋಡುವುದು ಇಷ್ಟೇ ಕೆಲಸವಾಗಿದ್ದರೆ ನನ್ನ ಹುಡುಕಾಟ ಅಲ್ಲಿಗೇ ಮುಗಿಯುತ್ತಿತ್ತು. ಅಂಥ ಬಳಕೆಯವರಿಗೆ ಅದನ್ನು ಯಾವ ಹಿಂಜರಿಕೆಯೂ ಇಲ್ಲದೆ ಸೂಚಿಸುತ್ತೇನೆ. ಆದರೆ ದಿನಕ್ಕೆ ಮೂರು ಸಲ ಅರ್ಧ ಗಂಟೆ ಕಾಯುವುದು ನನ್ನಿಂದಾಗದ ಮಾತು.

ಕೊನೆಗೆ 12100ನ್ನು ಕೊಂಡೆ. ಕಡಿಮೆ ವಿದ್ಯುತ್ತಿನದು ಬೇಕೆಂದ ಮೇಲೆ 12100ಟಿಯನ್ನೇ ಏಕೆ ಕೊಳ್ಳಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಸ್ವಲ್ಪ ವಿವರವಾಗಿ ಬೇಕು. ಎರಡರ ಒಳಗೂ ಅದೇ ನಾಲ್ಕು ಕೋರ್, ಎಂಟು ಥ್ರೆಡ್, 12 ಮೆಗಾಬೈಟ್ ಎಲ್3 ಕ್ಯಾಶ್, ಯುಎಚ್‌ಡಿ 730 ಗ್ರಾಫಿಕ್ಸ್ ಇವೆ. ಸುಮ್ಮನಿರುವಾಗ ಎರಡೂ ಒಂದೇ ಆಳದ ನಿದ್ರೆಗೆ ಇಳಿಯುತ್ತವೆ, ಆದ್ದರಿಂದ ಆ 22 ಗಂಟೆಗಳ ಲೆಕ್ಕದಲ್ಲಿ 'ಟಿ' ಏನನ್ನೂ ಉಳಿಸುವುದಿಲ್ಲ. ಅದು ಮಾಡುವುದು ದುಡಿಯುವ ಹೊತ್ತಿನಲ್ಲಿ 35 ವ್ಯಾಟ್‌ಗಳ ಕಡಿವಾಣ ಹಾಕುವುದನ್ನು ಮಾತ್ರ. ಆ ಕಡಿವಾಣವನ್ನು ಸಾಮಾನ್ಯ 12100ಕ್ಕೂ ಬಯೋಸ್‌ನಲ್ಲಿ ನಾವೇ ಹಾಕಬಹುದು. ಬಯೋಸ್ ಅವಕಾಶ ಕೊಡದಿದ್ದರೆ ಲಿನಕ್ಸ್‌ನ ಪವರ್‌ಕ್ಯಾಪ್ ವ್ಯವಸ್ಥೆಯ ಮೂಲಕವೂ ಹಾಕಬಹುದು. ಜೊತೆಗೆ ಒಂದೇ ಕೋರ್ ದುಡಿಯುವಾಗ ಸಾಮಾನ್ಯ ರೂಪ 4.3 ಗಿಗಾಹರ್ಟ್ಸ್ ಮುಟ್ಟಿದರೆ 'ಟಿ' 4.1ಕ್ಕೇ ನಿಲ್ಲುತ್ತದೆ. ಬೇಕಾದಾಗ ಬಿಗಿಮಾಡಿ ಬೇಡವಾದಾಗ ಸಡಿಲಿಸುವ ಸ್ವಾತಂತ್ರ್ಯ ಇರುವುದನ್ನೇ ಆರಿಸುವುದು ಲೇಸೆನಿಸಿತು.

ಈ ಕಡಿವಾಣದಿಂದ ವೇಗ ಅಷ್ಟಾಗಿ ಕುಗ್ಗುವುದಿಲ್ಲ ಎಂಬುದಕ್ಕೆ ಭೌತಿಕ ಕಾರಣವಿದೆ. ಟ್ರಾನ್ಸಿಸ್ಟರುಗಳು ಆನ್ ಆಗಿ ಆಫ್ ಆಗುವಾಗ ಖರ್ಚಾಗುವ ವಿದ್ಯುತ್ತು ಕ್ಲಾಕ್ ವೇಗಕ್ಕೆ ನೇರ ಅನುಪಾತದಲ್ಲಿದ್ದರೆ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗದ ಕೊನೆಯ ಕೆಲವು ನೂರು ಮೆಗಾಹರ್ಟ್ಸ್ ಪಡೆಯಲು ವೋಲ್ಟೇಜನ್ನೂ ಏರಿಸಬೇಕಾಗುವುದರಿಂದ, ವೇಗ ಶೇಕಡಾ ಹತ್ತು ಏರುವಷ್ಟರಲ್ಲಿ ಶಾಖ ಸುಮಾರು ಶೇಕಡಾ ಮೂವತ್ತು ಏರಿರುತ್ತದೆ. ಇದೇ ದಾರಿಯಲ್ಲಿ ಹಿಂದಕ್ಕೆ ಬಂದರೆ ಅಲ್ಪ ವೇಗವನ್ನು ಬಿಟ್ಟುಕೊಟ್ಟು ಬಹಳಷ್ಟು ಶಾಖವನ್ನು ಉಳಿಸಬಹುದು. ಎಲ್ಲಿಯವರೆಗೆ ಹಿಂದಕ್ಕೆ ಬರುವುದು ಲಾಭ ಎಂಬುದನ್ನು ಮಾತ್ರ ಅಳೆದೇ ತಿಳಿಯಬೇಕು.

ಜೋಡಣೆಯ ವಿಚಾರಕ್ಕೆ ಬರುತ್ತೇನೆ. ಮದರ್‌ಬೋರ್ಡ್ ಎಚ್610 ಚಿಪ್‌ಸೆಟ್ಟಿನ ಮಿನಿ-ಐಟಿಎಕ್ಸ್, ಅಂದರೆ 170 ಮಿಲಿಮೀಟರ್ ಉದ್ದ, ಅಷ್ಟೇ ಅಗಲ. ಕೇಸ್ ಸುಮಾರು ಏಳು ಲೀಟರಿನದು, ಒಳಗೆ ಕೂಲರಿಗೆ ಸಿಗುವ ಎತ್ತರ 50 ಮಿಲಿಮೀಟರ್. ಫ್ಯಾನೇ ಇಲ್ಲದ ಕಟ್ಟೋಣವನ್ನೂ ಯೋಚಿಸಿದ್ದೆ. ಆದರೆ ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ 35 ವ್ಯಾಟ್ ಶಾಖವನ್ನು ಗಾಳಿಯ ಸಹಜ ಚಲನೆಗೇ ಬಿಟ್ಟರೆ ಪ್ರೊಸೆಸರ್ ಹೇಗೋ ಉಳಿದೀತು, ಅದರ ಪಕ್ಕದ ವೋಲ್ಟೇಜ್ ನಿಯಂತ್ರಕಗಳೂ ಕಡತಗಳನ್ನಿಡುವ ಎನ್‌ವಿಎಂಇ ಡ್ರೈವೂ ಬೇಯುತ್ತವೆ. ನಿಧಾನವಾಗಿ ತಿರುಗುವ ಒಂದೇ ಫ್ಯಾನ್ ಮೇಲಿನಿಂದ ಕೆಳಕ್ಕೆ ಬೀಸಿದರೆ ಇವೆಲ್ಲಕ್ಕೂ ಗಾಳಿ ತಾಕುತ್ತದೆ. ಅದಕ್ಕಾಗಿ 37 ಮಿಲಿಮೀಟರ್ ಎತ್ತರದ ನಾಕ್ಚುವಾ ಎನ್‌ಎಚ್-ಎಲ್9ಐ ಕೂಲರನ್ನು, ಎಲ್‌ಜಿಎ1700 ಸಾಕೆಟ್ಟಿನ ರೂಪದಲ್ಲಿ, ಆರಿಸಿದೆ. ಅದರ ಫ್ಯಾನಿನ ದಪ್ಪ 14 ಮಿಲಿಮೀಟರ್ ಮಾತ್ರ, ಗರಿಷ್ಠ ವೇಗ ನಿಮಿಷಕ್ಕೆ 2500 ಸುತ್ತು.

ಥರ್ಮಲ್ ಪೇಸ್ಟ್ ಹಚ್ಚಿ, ಹಿಂಬದಿಯ ನಾಲ್ಕು ತಿರುಪುಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತ ಬಂದೆ. ಒಂದು ಮೂಲೆಯನ್ನೇ ಮೊದಲು ಪೂರ್ತಿ ಬಿಗಿದರೆ ಕೂಲರ್ ಓರೆಯಾಗಿ ಕೂತು ಪೇಸ್ಟ್ ಒಂದೆಡೆ ದಪ್ಪಗೆ ಉಳಿಯುತ್ತದೆ. ಫ್ಯಾನಿಗೂ ಕೇಸಿನ ತೂತುಗಳ ಮುಚ್ಚಳಕ್ಕೂ ನಡುವೆ 13 ಮಿಲಿಮೀಟರ್ ಅಂತರ ಉಳಿಯಿತು. ಈ ಅಂತರದಲ್ಲಿ ಪೆಟ್ಟಿಗೆಯೊಳಗಿನ ಬಿಸಿ ಗಾಳಿಯೇ ಮತ್ತೆ ಫ್ಯಾನಿಗೆ ಸೇರುತ್ತಿದೆ ಎಂಬುದು ಮುಚ್ಚಳ ತೆಗೆದು ಹಾಕಿ ನೋಡಿದಾಗ ತಿಳಿಯಿತು. ಮುಚ್ಚಿದಾಗ ತಾಪ 7 ಡಿಗ್ರಿ ಹೆಚ್ಚು. ಪ್ಯಾಕಿಂಗ್‌ನಲ್ಲಿ ಬಂದಿದ್ದ ಫೋಮ್ ಹಾಳೆಯಿಂದ ಚೌಕಾಕಾರದ ಬಳೆಯೊಂದನ್ನು ಕತ್ತರಿಸಿ ಫ್ಯಾನಿನ ಅಂಚಿಗೂ ಮುಚ್ಚಳಕ್ಕೂ ನಡುವೆ ಇಟ್ಟ ಮೇಲೆ ಫ್ಯಾನ್ ಹೊರಗಿನ ತಂಪು ಗಾಳಿಯನ್ನೇ ಎಳೆಯತೊಡಗಿತು, ಆ ವ್ಯತ್ಯಾಸ 2 ಡಿಗ್ರಿಗೆ ಇಳಿಯಿತು. ಇಡೀ ಜೋಡಣೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಟ್ಟ ಕೆಲಸ ಬೇರೊಂದಿಲ್ಲ.

ಮೊದಲ ದಿನ 450 ವ್ಯಾಟ್‌ಗಳ, ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಅಳತೆಯ ಪವರ್ ಸಪ್ಲೈ ಹಾಕಿಯೇ ಯಂತ್ರವನ್ನು ಎಬ್ಬಿಸಿದೆ. ಮಿತಿಗಳ ಪರೀಕ್ಷೆಗೆ ಕಂಪೈಲ್ ಕೆಲಸವನ್ನು ಪ್ರತಿ ಸಲವೂ ಮೂರು ಬಾರಿ ಓಡಿಸಿ ಸರಾಸರಿ ತೆಗೆದೆ. ಯಾವ ಮಿತಿಯೂ ಇಲ್ಲದಾಗ ಕೆಲಸ 10 ನಿಮಿಷ 20 ಸೆಕೆಂಡಿನಲ್ಲಿ ಮುಗಿಯಿತು, ಗೋಡೆಯ ಮೀಟರ್ 88 ವ್ಯಾಟ್ ತೋರಿಸಿತು, ತಾಪ 86 ಡಿಗ್ರಿ, ಫ್ಯಾನ್ 2300 ಸುತ್ತು. ಪಿಎಲ್1ನ್ನು 35 ವ್ಯಾಟ್‌ಗೆ, ಪಿಎಲ್2ನ್ನು 50ಕ್ಕೆ ಇಳಿಸಿದಾಗ 11 ನಿಮಿಷ 50 ಸೆಕೆಂಡು, ಗೋಡೆಯಿಂದ 56 ವ್ಯಾಟ್, ತಾಪ 66 ಡಿಗ್ರಿ, ಫ್ಯಾನ್ 1300 ಸುತ್ತು. ಪಿಎಲ್1 25 ವ್ಯಾಟ್ ಆದಾಗ 14 ನಿಮಿಷ 10 ಸೆಕೆಂಡು, ಗೋಡೆಯಿಂದ 43 ವ್ಯಾಟ್.

ಇವನ್ನು ಶಕ್ತಿಯ ಲೆಕ್ಕಕ್ಕೆ ತಿರುಗಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಒಂದು ಸಲದ ಕಂಪೈಲ್‌ಗೆ ಮಿತಿಯಿಲ್ಲದಾಗ 15.2 ವ್ಯಾಟ್-ಗಂಟೆ, 35ರ ಮಿತಿಯಲ್ಲಿ 11.0, 25ರ ಮಿತಿಯಲ್ಲಿ 10.2 ವ್ಯಾಟ್-ಗಂಟೆ ಖರ್ಚಾಯಿತು. ಮೊದಲ ಇಳಿತದಲ್ಲಿ ಒಂದೂವರೆ ನಿಮಿಷ ಕೊಟ್ಟು 4 ವ್ಯಾಟ್-ಗಂಟೆಗಿಂತ ಹೆಚ್ಚು ಉಳಿಸಿದೆ. ಎರಡನೆಯದರಲ್ಲಿ ಇನ್ನೂ 2 ನಿಮಿಷ 20 ಸೆಕೆಂಡು ಕೊಟ್ಟರೂ ಉಳಿದದ್ದು ಒಂದು ವ್ಯಾಟ್-ಗಂಟೆಯೂ ಅಲ್ಲ, ಏಕೆಂದರೆ ಕೆಲಸ ಲಂಬಿಸಿದಷ್ಟೂ ಮೆಮೊರಿ, ಡ್ರೈವ್, ಬೋರ್ಡು, ಪವರ್ ಸಪ್ಲೈಗಳ ಖರ್ಚು ಜೊತೆಗೇ ಓಡುತ್ತಿರುತ್ತದೆ. ಆದ್ದರಿಂದ 35ಕ್ಕೇ ನಿಂತೆ. ಎನ್100ರ ಲೆಕ್ಕವನ್ನೂ ಇದರ ಪಕ್ಕ ಇಟ್ಟೆ: 22 ವ್ಯಾಟ್‌ನಲ್ಲಿ 28 ನಿಮಿಷ ಎಂದರೆ 10.3 ವ್ಯಾಟ್-ಗಂಟೆ. ಅಂದರೆ ಅದೇ ಕೆಲಸಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ವಿದ್ಯುತ್ತನ್ನು ಬಳಸುತ್ತವೆ, ಒಂದು ಬೇಗ ಮುಗಿಸುತ್ತದೆ, ಇನ್ನೊಂದು ನಿಧಾನವಾಗಿ. ಎನ್100ರ ಮೇಲುಗೈ ಇರುವುದು ಸುಮ್ಮನಿರುವ ಹೊತ್ತಿನಲ್ಲಿ ಮಾತ್ರ ಎಂದು ಆಗ ಖಚಿತವಾಯಿತು, ಹಾಗಾಗಿ ಮುಂದಿನ ಶ್ರಮವನ್ನೆಲ್ಲ ಅತ್ತ ತಿರುಗಿಸಿದೆ.

ಅದಕ್ಕೂ ಮೊದಲು ಸದ್ದಿನ ಒಂದು ತೊಡಕನ್ನು ಬಿಡಿಸಬೇಕಾಯಿತು. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ ಎಂಬುದು ಫ್ಯಾನುಗಳ ಸಾಮಾನ್ಯ ನಿಯಮ. 2300ರಿಂದ 1300ಕ್ಕೆ ಇಳಿದದ್ದರಿಂದ ಸುಮಾರು 12 ಡೆಸಿಬೆಲ್‌ಗಳ ವ್ಯತ್ಯಾಸ ಬಂದಿರಬೇಕು, ಕಿವಿಗೂ ಅದು ಚೆನ್ನಾಗಿ ತಿಳಿಯಿತು. ಆದರೂ ಬರೆಯುತ್ತ ಕುಳಿತಾಗ ಫ್ಯಾನ್ ಆಗಾಗ ಉಸಿರೆಳೆದಂತೆ ಏರಿ ಇಳಿಯುತ್ತಿತ್ತು. ಬ್ರೌಸರಿನಲ್ಲಿ ಒಂದು ಪುಟ ತೆರೆದೊಡನೆ ಒಂದು ಕೋರ್ 4.3 ಗಿಗಾಹರ್ಟ್ಸಿಗೆ ಜಿಗಿದು, ಆ ಪುಟ್ಟ ಸಿಲಿಕಾನ್ ತುಣುಕಿನ ತಾಪ ಕ್ಷಣಾರ್ಧದಲ್ಲಿ 15 ಡಿಗ್ರಿ ಏರುತ್ತಿತ್ತು, ಬಯೋಸ್ ಅದನ್ನು ನಂಬಿ ಫ್ಯಾನನ್ನು ಓಡಿಸುತ್ತಿತ್ತು. ಕೂಲರಿನ ಲೋಹ ಆ ಹೊತ್ತಿಗೆ ಬೆಚ್ಚಗೂ ಆಗಿರುತ್ತಿರಲಿಲ್ಲ. ಒಂದೇ ಮಟ್ಟದ ಸದ್ದಿಗೆ ಕಿವಿ ಹೊಂದಿಕೊಳ್ಳುತ್ತದೆ, ಏರಿಳಿತಕ್ಕೆ ಹೊಂದಿಕೊಳ್ಳುವುದಿಲ್ಲ. 65 ಡಿಗ್ರಿಯವರೆಗೆ ಫ್ಯಾನ್ 900 ಸುತ್ತಿನಲ್ಲೇ ಇರುವಂತೆ, ಅಲ್ಲಿಂದ 80 ಡಿಗ್ರಿಗೆ 1500 ಸುತ್ತು ಮುಟ್ಟುವಂತೆ, ಮತ್ತು ತಾಪ ಏರಿದ ಮೇಲೂ ಕೆಲವು ಸೆಕೆಂಡು ಕಾದು ನೋಡಿ ವೇಗ ಹೆಚ್ಚಿಸುವಂತೆ ಬಯೋಸ್‌ನಲ್ಲಿ ಹೊಂದಿಸಿದೆ. ಈ ಪ್ರೊಸೆಸರಿನ ತಾಪದ ಮಿತಿ 100 ಡಿಗ್ರಿ ಇರುವುದರಿಂದ ಕ್ಷಣಕಾಲ 75 ಆದರೆ ಯಾವ ಹಾನಿಯೂ ಇಲ್ಲ. ಒಂದು ತೋಳಿನ ದೂರದಲ್ಲಿ 900 ಸುತ್ತಿನ ಆ ಫ್ಯಾನ್ ನನ್ನ ಕಿವಿಗೆ ಕೇಳಿಸುವುದಿಲ್ಲ.

ಸುಮ್ಮನಿರುವ ಬಳಕೆ ಮೊದಲ ದಿನ 24 ವ್ಯಾಟ್ ಇತ್ತು. ಹಳೆಯ ಯಂತ್ರದ 58ರ ಮುಂದೆ ಇದು ಸಮಾಧಾನ ತರಬೇಕಿತ್ತು, ಆದರೆ ಅದೇ ಪ್ರೊಸೆಸರಿನಿಂದ ಇನ್ನೂ ಬಹಳ ಕಡಿಮೆ ಸಾಧ್ಯ ಎಂಬುದು ತಿಳಿದಿದ್ದರಿಂದ ಸುಮ್ಮನಿರಲಾಗಲಿಲ್ಲ. ಪ್ರೊಸೆಸರಿನ ನಿದ್ರೆಯಲ್ಲಿ ಎರಡು ಬಗೆಯಿದೆ: ಒಂದೊಂದು ಕೋರ್ ತಾನಾಗಿ ಮಲಗುವುದು ಒಂದು, ಎಲ್ಲ ಕೋರ್‌ಗಳೂ ಗ್ರಾಫಿಕ್ಸೂ ಮಲಗಿದ ಮೇಲೆ ಇಡೀ ಪ್ಯಾಕೇಜು, ಅಂದರೆ ಕ್ಯಾಶ್, ಮೆಮೊರಿ ನಿಯಂತ್ರಕ, ಒಳ ಸಂಪರ್ಕಗಳು ಒಟ್ಟಾಗಿ ಹಂತ ಹಂತವಾಗಿ ಆಳಕ್ಕೆ ಇಳಿಯುವುದು ಇನ್ನೊಂದು. ಎರಡನೆಯದರ ಹಂತಗಳಿಗೆ ಪಿಸಿ2, ಪಿಸಿ3, ಪಿಸಿ6, ಪಿಸಿ8 ಎಂದು ಹೆಸರು. ಒಂದು ಕೂಡು ಕುಟುಂಬದಲ್ಲಿ ಕೊನೆಯವರು ಮಲಗುವ ತನಕ ಅಂಗಳದ ದೀಪ ಆರಿಸುವಂತಿಲ್ಲವಲ್ಲ, ಇದೂ ಹಾಗೆಯೇ: ಬೋರ್ಡಿಗೆ ಸೇರಿದ ಯಾವುದೋ ಒಂದು ಸಾಧನ ತನ್ನ ಸಂಪರ್ಕವನ್ನು ಎಚ್ಚರವಾಗಿಟ್ಟುಕೊಂಡರೆ ಇಡೀ ಪ್ಯಾಕೇಜು ಮೇಲಿನ ಹಂತದಲ್ಲೇ ತಡೆದು ನಿಲ್ಲುತ್ತದೆ.

ಟರ್ಬೊಸ್ಟ್ಯಾಟ್ ಎಂಬ ಸಲಕರಣೆ ಪ್ಯಾಕೇಜು ಯಾವ ಹಂತದಲ್ಲಿ ಎಷ್ಟು ಶೇಕಡಾ ಹೊತ್ತು ಕಳೆಯಿತು ಎಂಬುದನ್ನು ತೋರಿಸುತ್ತದೆ. ನನ್ನ ಯಂತ್ರದಲ್ಲಿ ಕೋರ್‌ಗಳು ಶೇಕಡಾ 98ರಷ್ಟು ಹೊತ್ತು ಗಾಢ ನಿದ್ರೆಯಲ್ಲಿದ್ದರೂ ಪ್ಯಾಕೇಜು ಪಿಸಿ2 ದಾಟಿಯೇ ಇರಲಿಲ್ಲ. ಹುಡುಕಿದಾಗ ಮೊದಲ ಕಾರಣ ಬಯೋಸ್‌ನಲ್ಲಿ ಸಿಕ್ಕಿತು: ಪಿಸಿಐಇ ಸಂಪರ್ಕಗಳನ್ನು ಬಿಡುವಿನಲ್ಲಿ ಮಲಗಿಸುವ ಎಎಸ್‌ಪಿಎಂ ಎಂಬ ಸೌಲಭ್ಯವನ್ನು ಆಫ್ ಮಾಡಿಯೇ ಕಳಿಸಿದ್ದರು. ಅದನ್ನು ಆನ್ ಮಾಡಿದಾಗ ಮೀಟರ್ 19ಕ್ಕೆ ಇಳಿಯಿತು, ಪ್ಯಾಕೇಜು ಪಿಸಿ3ರವರೆಗೆ ಹೋಯಿತು, ಅಲ್ಲಿಗೆ ನಿಂತಿತು. ಎರಡು ಸಂಜೆ ಒಂದೊಂದೇ ಸಾಧನವನ್ನು ಕಳಚಿ ನೋಡುತ್ತ ಹೋದೆ. ಬ್ಯಾಕಪ್‌ಗೆಂದು ಹಳೆಯ ಯಂತ್ರದಿಂದ ತಂದಿದ್ದ ಸಾಟಾ ಎಸ್‌ಎಸ್‌ಡಿಯ ಕೇಬಲ್ ಕಳಚಿದ ಕೂಡಲೇ ಪಿಸಿ8ರ ಅಂಕಣದಲ್ಲಿ ಮೊದಲ ಬಾರಿಗೆ ಸೊನ್ನೆಯಲ್ಲದ ಸಂಖ್ಯೆ ಮೂಡಿತು. ಆ ಕ್ಷಣದ ಸಂತೋಷ ಇನ್ನೂ ನೆನಪಿದೆ. ಡ್ರೈವಿನಲ್ಲಿ ದೋಷವಿರಲಿಲ್ಲ. ಸಾಟಾ ಸಂಪರ್ಕದ ವಿದ್ಯುತ್ ನೀತಿ ಗರಿಷ್ಠ ವೇಗ ಎಂದು ಇದ್ದುದನ್ನು ಮಧ್ಯಮ ಉಳಿತಾಯಕ್ಕೆ ಬದಲಿಸಿ, ಪ್ರತಿ ಸಲ ಯಂತ್ರ ಏಳುವಾಗಲೂ ಹಾಗೆಯೇ ಆಗುವಂತೆ ನಿಯಮ ಬರೆದಿಟ್ಟು, ಕೇಬಲ್ಲನ್ನು ಮತ್ತೆ ಜೋಡಿಸಿದೆ. ಮೀಟರ್ 16ಕ್ಕೆ ನಿಂತಿತು.

ಉಳಿದದ್ದರಲ್ಲಿ ದೊಡ್ಡ ಪಾಲು ಪವರ್ ಸಪ್ಲೈಯದ್ದೇ ಎಂಬ ಅನುಮಾನ ಮೊದಲಿನಿಂದಲೂ ಇತ್ತು. 80 ಪ್ಲಸ್ ಎಂಬ ದಕ್ಷತೆಯ ಮುದ್ರೆ ಪವರ್ ಸಪ್ಲೈಯನ್ನು ಅದರ ಸಾಮರ್ಥ್ಯದ ಶೇಕಡಾ 20, 50 ಮತ್ತು 100ರ ಹೊರೆಯಲ್ಲಿ ಪರೀಕ್ಷಿಸುತ್ತದೆ. ಆ ಮುದ್ರೆಯ ಟೈಟೇನಿಯಂ ಮಟ್ಟಕ್ಕೆ ಶೇಕಡಾ 10ರ ಪರೀಕ್ಷೆಯೂ ಉಂಟು. 450 ವ್ಯಾಟ್ ಸಾಮರ್ಥ್ಯಕ್ಕೆ 15 ವ್ಯಾಟ್ ಎಂದರೆ ಶೇಕಡಾ 3ರ ಆಸುಪಾಸು, ಮುದ್ರೆ ಏನನ್ನೂ ಹೇಳದ ಪ್ರದೇಶ ಅದು. ಪ್ರೊಸೆಸರಿಗೇ 50 ವ್ಯಾಟ್ ಮಿತಿ ಹಾಕಿದ ಮೇಲೆ ಅಷ್ಟು ದೊಡ್ಡ ಸಪ್ಲೈಯ ಅಗತ್ಯವಿಲ್ಲ. ಅದನ್ನು ತೆಗೆದು, ಮದರ್‌ಬೋರ್ಡಿನ 24 ಪಿನ್ ಸಾಕೆಟ್ಟಿಗೇ ಕೂರುವ ಪುಟ್ಟ ಡಿಸಿ ಪರಿವರ್ತಕವನ್ನೂ ಹೊರಗೆ 12 ವೋಲ್ಟ್, 120 ವ್ಯಾಟ್‌ಗಳ ಅಡಾಪ್ಟರನ್ನೂ ಹಾಕಿದೆ. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಈ ಬಗೆಯ ಸರಳ ಪರಿವರ್ತಕಗಳು 12 ವೋಲ್ಟ್ ಸಾಲನ್ನು ಅಡಾಪ್ಟರಿನಿಂದ ಬಂದಂತೆಯೇ ಬೋರ್ಡಿಗೆ ದಾಟಿಸುತ್ತವೆ, 5 ಮತ್ತು 3.3 ವೋಲ್ಟ್‌ಗಳನ್ನು ಮಾತ್ರ ತಾವು ತಯಾರಿಸುತ್ತವೆ. ಕೈಗೆ ಸಿಕ್ಕಿತೆಂದು ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರನ್ನು ಅದಕ್ಕೆ ಚುಚ್ಚಿದರೆ ಬೋರ್ಡು, ಡ್ರೈವ್, ಫ್ಯಾನ್ ಎಲ್ಲಕ್ಕೂ 19 ವೋಲ್ಟ್ ಹೋಗುತ್ತದೆ. ಜೋಡಿಸುವ ಮೊದಲು ಅಡಾಪ್ಟರಿನ ತುದಿಗೆ ಮಲ್ಟಿಮೀಟರ್ ಹಿಡಿದು ವೋಲ್ಟೇಜನ್ನೂ ಧನ ಋಣ ತುದಿಗಳನ್ನೂ ನೋಡಿಕೊಂಡೆ.

ಈ ಬದಲಾವಣೆಯ ನಂತರ ಸುಮ್ಮನಿರುವ ಬಳಕೆ 11 ವ್ಯಾಟ್, ವರ್ಷಕ್ಕೆ ಸುಮಾರು 96 ಯೂನಿಟ್. ಎನ್100ಕ್ಕೂ ಇದಕ್ಕೂ ಉಳಿದ ಅಂತರ 4 ವ್ಯಾಟ್, ಅಂದರೆ ವರ್ಷಕ್ಕೆ 35 ಯೂನಿಟ್. ಕಂಪೈಲ್ ಅರ್ಧಕ್ಕಿಂತ ಕಡಿಮೆ ಹೊತ್ತಿನಲ್ಲಿ ಮುಗಿಯುವುದಕ್ಕೆ ಅಷ್ಟನ್ನು ಕೊಡಲು ನಾನು ಮನಸಾರೆ ಸಿದ್ಧನಿದ್ದೇನೆ. ಕಂಪೈಲ್ ಮಾಡದವರು ಅದನ್ನು ಕೊಡಬೇಕಾಗಿಲ್ಲ.

ಪವರ್ ಸಪ್ಲೈಯ ಫ್ಯಾನ್ ಹೋದ ಮೇಲೆ, ಅದುವರೆಗೆ ಕೇಳಿಸದಿದ್ದ ಒಂದು ತೆಳು ಝೇಂಕಾರ ಕೇಳತೊಡಗಿತು. ಕಾಗದವನ್ನು ಕೊಳವೆಯಂತೆ ಸುತ್ತಿ ಒಂದು ತುದಿ ಕಿವಿಗೂ ಇನ್ನೊಂದನ್ನು ಬೋರ್ಡಿನ ಒಂದೊಂದು ಭಾಗದ ಹತ್ತಿರಕ್ಕೂ ಹಿಡಿದು ಹುಡುಕಿದೆ. ಮೂಲ ಬೋರ್ಡಿನಲ್ಲಿರಲಿಲ್ಲ, ಮೇಜಿನ ಮೇಲಿಟ್ಟಿದ್ದ ಅಡಾಪ್ಟರಿನಲ್ಲಿತ್ತು, ಮೇಜಿನ ಹಲಗೆ ಅದನ್ನು ಹಿಗ್ಗಿಸುತ್ತಿತ್ತು. ಅಡಾಪ್ಟರನ್ನು ನೆಲಕ್ಕಿಳಿಸಿ ಫೋಮಿನ ತುಂಡೊಂದರ ಮೇಲೆ, ಗಾಳಿಯಾಡುವಂತೆ ಇಟ್ಟ ಮೇಲೆ ಅದೂ ನಿಂತಿತು.

ಕೋಣೆಯ ತಾಪ 33 ಡಿಗ್ರಿ ಇದ್ದ ಒಂದು ಮಧ್ಯಾಹ್ನ, ಮುಚ್ಚಳ ಹಾಕಿಯೇ ಎಲ್ಲ ಕೋರ್‌ಗಳನ್ನೂ ಎರಡು ಗಂಟೆ ದುಡಿಸಿದೆ. ಪ್ರೊಸೆಸರ್ 76 ಡಿಗ್ರಿಯಲ್ಲಿ, ಫ್ಯಾನ್ 1350 ಸುತ್ತಿನಲ್ಲಿ, ಎನ್‌ವಿಎಂಇ ಡ್ರೈವ್ 58 ಡಿಗ್ರಿಯಲ್ಲಿ ನೆಲೆನಿಂತವು. ಅಲ್ಲಿಗೆ ಕೆಲಸ ಮುಗಿಯಿತೆಂದುಕೊಂಡು ತಿಂಗಳೊಂದು ಕಳೆದ ಮೇಲೆ, ಬಯೋಸ್‌ನ ಹೊಸ ಆವೃತ್ತಿ ಹಾಕಿದ ರಾತ್ರಿ ಫ್ಯಾನಿನ ಸದ್ದು ಮತ್ತೆ ಕೇಳಿಸಿತು, ಮೀಟರ್ 17 ತೋರಿಸಿತು. ಪಿಎಲ್1, ಪಿಎಲ್2, ಎಎಸ್‌ಪಿಎಂ, ಫ್ಯಾನಿನ ಹೊಂದಿಕೆ ಎಲ್ಲವೂ ತಯಾರಕರ ಮೂಲ ಸ್ಥಿತಿಗೆ ಮರಳಿದ್ದವು. ಎಲ್ಲವನ್ನೂ ಮತ್ತೆ ಹೊಂದಿಸಿ, ಈ ಸಲ ಒಂದೊಂದು ಸೆಟ್ಟಿಂಗಿನ ಹೆಸರನ್ನೂ ಮೌಲ್ಯವನ್ನೂ, ಕೊನೆಯಲ್ಲಿ '11 ವ್ಯಾಟ್' ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು, ಗಾಳಿಯ ತೂತುಗಳಿಗೆ ಅಡ್ಡವಾಗದಂತೆ ಕೇಸಿನ ಮುಚ್ಚಳದ ಒಳಬದಿಗೆ ಅಂಟಿಸಿದ್ದೇನೆ.